ಹೆಣ್ಣುಮಕ್ಕಳ ಪಂದ್ಯವೂ ಅದರ ಎಲ್ಲೆಕಟ್ಟೂ

ಈ ತಿಂಗಳು ನಾವು ಆರಿಸಿಕೊಂಡ ವಿಷಯವು ಮೇಲುನೋಟಕ್ಕೆ ಅಡಿಗೆಯ ಮನೆಗೂ ಪಡಸಾಲೆಗೂ ದೂರವಾದದ್ದೆಂದು ತೋರಬಹುದು. ಸ್ತ್ರೀಯರ ಪಂದ್ಯಗಳಲ್ಲಿ ಯಾರು ಸ್ಪರ್ಧಿಸಬಹುದು, ಯಾರು ಸ್ಪರ್ಧಿಸಕೂಡದು, ಆ ನಿರ್ಣಯವನ್ನು ಯಾವ ಪರೀಕ್ಷೆಯಿಂದ ಮಾಡತಕ್ಕದ್ದು ಎಂಬ ವಾದವು ಕೆಲವು ವರ್ಷಗಳಿಂದ ಲೋಕದಲ್ಲೆಲ್ಲ ನಡೆದಿದೆ. 2024ರಲ್ಲಿ ಪ್ಯಾರಿಸ್ ನಗರದ ಒಲಿಂಪಿಕ್ ಕ್ರೀಡೆಗಳಲ್ಲಿ ಅಲ್ಜೀರಿಯಾದ ಇಮಾನ್ ಖಲೀಫ್, ತೈವಾನಿನ ಲಿನ್ ಯು-ಟಿಂಗ್ ಎಂಬ ಇಬ್ಬರು ಸ್ತ್ರೀಯರ ಮುಷ್ಟಿಯುದ್ಧದಲ್ಲಿ ಚಿನ್ನದ ಪದಕಗಳನ್ನು ಗೆದ್ದರು. ಅವರ ದೇಹಸ್ಥಿತಿಯ ಕುರಿತು, ಅವರನ್ನು ಎಂದೂ ಕಾಣದ ಅಸಂಖ್ಯ ಜನರು ತಮ್ಮ ತಮ್ಮ ಮನೆಗಳಲ್ಲಿ ಕುಳಿತು ತೀರ್ಪು ಹೇಳಿದರು. ಅಂದಿನಿಂದ ನಮ್ಮ ಮನೆಗಳಲ್ಲಿಯೂ ಊಟದ ಹೊತ್ತಿಗೆ ಈ ಮಾತು ಬರುವದುಂಟು. ಬಂದಾಗ ಕೆಲವರು ಒಂದೇ ಮಾತಿನಲ್ಲಿ ತಳ್ಳಿಬಿಡುವರು. ಕೆಲವರು ಒಂದೇ ಮಾತಿನಲ್ಲಿ ಒಪ್ಪಿಬಿಡುವರು. ಒಂದು ಮಾತಿನಲ್ಲಿ ಮುಗಿಯತಕ್ಕ ವಿಷಯ ಇದಲ್ಲವೆಂದೇ ನಾವು ಇದನ್ನು ಕೈಗೆತ್ತಿಕೊಂಡಿದ್ದೇವೆ.

ನಮ್ಮ ಕಲಬುರಗಿಗೂ ಈ ವಾದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಐವಾನ್-ಎ-ಶಾಹಿಯ ಕಲ್ಲಿನ ಕಟ್ಟಡವು ನಿಜಾಮರು ಈ ಸೀಮೆಗೆ ಬಂದಾಗ ಇಳಿದುಕೊಳ್ಳುತ್ತಿದ್ದ ಮನೆ. ಆ ದಿನಗಳಲ್ಲಿ ಹದಿಹರೆಯದ ಹುಡುಗಿಯೊಬ್ಬಳು ಬೀದಿಯಲ್ಲಿ ಓಡಿದಳೆಂದರೆ ಅವಳನ್ನು ಯಾವುದೋ ಅನಾಹುತವು ಬೆನ್ನಟ್ಟಿದೆಯೆಂದೇ ಕಂಡವರು ತಿಳಿಯುತ್ತಿದ್ದರು. ಇಂದು ಅದೇ ಊರಿನ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಹುಡುಗಿಯರು ಓಡುತ್ತಾರೆ, ಜಿಗಿಯುತ್ತಾರೆ, ಗುಂಡು ಎಸೆಯುತ್ತಾರೆ. ಕೆಂಪು ಬಾಳೆಗೆ ಹೆಸರಾದ ಕಮಲಾಪುರದಿಂದಲೂ ಆಳಂದ, ಚಿಂಚೋಳಿ, ಸೇಡಂ ಕಡೆಯ ತೊಗರಿಯ ಹೊಲಗಳ ನಡುವಣ ಹಳ್ಳಿಗಳಿಂದಲೂ ಅವರು ಬರುತ್ತಾರೆ. ತಾಲೂಕಿನಲ್ಲಿ ಗೆದ್ದವಳು ಜಿಲ್ಲೆಗೆ, ಜಿಲ್ಲೆಯಲ್ಲಿ ಗೆದ್ದವಳು ವಿಭಾಗಕ್ಕೆ, ಅಲ್ಲಿಂದ ರಾಜ್ಯಕ್ಕೆ ಏರುವಳು. ಆ ಮೆಟ್ಟಲುಗಳ ತುದಿಯಲ್ಲಿ ಕಾಲೇಜಿನ ಒಂದು ಸ್ಥಾನ, ರೈಲ್ವೆಯ ಒಂದು ನೌಕರಿ, ಬಡಮನೆಗೆ ಒಂದು ಊರುಗೋಲು ಇರುವದುಂಟು. ಆದುದರಿಂದ ಪಂದ್ಯವೆಂಬದು ನಮ್ಮವರಿಗೆ ಬರಿಯ ಆಟವಲ್ಲ. ಇನ್ನೊಂದು ಮಾತು: ನಮ್ಮ ದೇಶದಲ್ಲಿ ಈ ಪ್ರಶ್ನೆಯ ಪೆಟ್ಟು ಬಿದ್ದದ್ದು ಸಿರಿವಂತರ ಮಕ್ಕಳ ಮೇಲಲ್ಲ. ಪೆಟ್ಟು ತಿಂದವರಲ್ಲಿ ಒಬ್ಬರು ಇಟ್ಟಿಗೆಯ ಭಟ್ಟಿಯಲ್ಲಿ ದುಡಿಯುವವರ ಮಗಳು. ಇನ್ನೊಬ್ಬರು ನೇಕಾರರ ಮಗಳು. ಅವರ ವೃತ್ತಾಂತವನ್ನು ಮುಂದೆ ಹೇಳುವೆವು. ಮೊದಲು ಮೂಲದ ಪ್ರಶ್ನೆಯನ್ನೆತ್ತಿಕೊಳ್ಳೋಣ.

ಸ್ತ್ರೀಯರಿಗೆ ಬೇರೆ ಪಂದ್ಯವೇಕೆ? ಬುದ್ಧಿಯ ಪರೀಕ್ಷೆಗಳಲ್ಲಿ ಬಾಲಕರಿಗೆ ಬೇರೆ ಪ್ರಶ್ನಪತ್ರಿಕೆ, ಬಾಲಕಿಯರಿಗೆ ಬೇರೆ ಎಂದು ನಾವು ಮಾಡುವದಿಲ್ಲ. ಓಟದಲ್ಲಿ ಮಾತ್ರ ಹೀಗೆ ಮಾಡುತ್ತೇವೆ. ಇದಕ್ಕೆ ಕಾರಣವು ಮರ್ಯಾದೆಯೂ ಅಲ್ಲ, ಸಂಪ್ರದಾಯವೂ ಅಲ್ಲ, ದೇಹ. ನೂರು ಮೀಟರ ಓಟದಲ್ಲಿ ಜಮೈಕಾದ ಉಸೇನ್ ಬೋಲ್ಟರು 2009ರಲ್ಲಿ ಸ್ಥಾಪಿಸಿದ ದಾಖಲೆಯು 9.58 ಸೆಕೆಂಡು, ಅಮೇರಿಕದ ಫ್ಲಾರೆನ್ಸ್ ಗ್ರಿಫಿತ್-ಜಾಯ್ನರ್ ಅವರು 1988ರಲ್ಲಿ ಸ್ಥಾಪಿಸಿದ ಸ್ತ್ರೀಯರ ದಾಖಲೆಯು 10.49 ಸೆಕೆಂಡು. 800 ಮೀಟರ ಓಟದಲ್ಲಿ 2012ರ ಪುರುಷರ ದಾಖಲೆ 1 ನಿಮಿಷ 40.91 ಸೆಕೆಂಡಾದರೆ 1983ರ ಸ್ತ್ರೀಯರ ದಾಖಲೆ 1 ನಿಮಿಷ 53.28 ಸೆಕೆಂಡು. ಉದ್ದ ಜಿಗಿತದಲ್ಲಿ ಪುರುಷರದು 8.95 ಮೀಟರು, ಸ್ತ್ರೀಯರದು 7.52 ಮೀಟರು. ಓಟದಲ್ಲಿ ನೂರಕ್ಕೆ ಹತ್ತು ಹನ್ನೆರಡರಷ್ಟು, ಜಿಗಿತದಲ್ಲಿ ಅದಕ್ಕೂ ಹೆಚ್ಚಿನ ಅಂತರವಿದೆಯೆಂಬದನ್ನು ಇದರಿಂದ ಕಾಣಬಹುದು. ಒಂದೇ ಸಾಲಿನಲ್ಲಿ ಎಲ್ಲರನ್ನೂ ನಿಲ್ಲಿಸಿ ಓಡಿಸಿದರೆ ಲೋಕದ ಅತ್ಯಂತ ವೇಗದ ಸ್ತ್ರೀಯೂ ಪುರುಷರ ದೊಡ್ಡ ಪಂದ್ಯದ ಕೊನೆಯ ಸುತ್ತಿಗೆ ಬರಲಾರಳು. ಆಗ ಮಂಗಳೂರಿನ ಎಂ. ಆರ್. ಪೂವಮ್ಮನವರು 2014ರಲ್ಲಿಯೂ 2018ರಲ್ಲಿಯೂ ಏಶ್ಯನ್ ಕ್ರೀಡೆಗಳ ನಾಲ್ವರ ರಿಲೇ ಓಟದಲ್ಲಿ ತಂದ ಚಿನ್ನವೂ ಇರುತ್ತಿರಲಿಲ್ಲ, 1984ರಲ್ಲಿ ಪಿ. ಟಿ. ಉಷಾ ಅವರು ಸೆಕೆಂಡಿನ ನೂರನೆಯ ಒಂದು ಪಾಲಿನಿಂದ ಒಲಿಂಪಿಕ್ ಪದಕವನ್ನು ಕಳೆದುಕೊಂಡ ಆ ಓಟವೂ ಇರುತ್ತಿರಲಿಲ್ಲ.

ಈ ಅಂತರವು ಹುಟ್ಟಿನಿಂದಲೇ ಇಷ್ಟು ದೊಡ್ಡದಾಗಿರುವದಿಲ್ಲ. ಎಂಟು ಒಂಬತ್ತು ವರ್ಷದ ಹುಡುಗನೂ ಹುಡುಗಿಯೂ ಓಣಿಯಲ್ಲಿ ಪಂದ್ಯ ಕಟ್ಟಿ ಓಡಿದರೆ ಯಾರು ಗೆಲ್ಲುವರೆಂದು ಹೇಳುವದು ಕಷ್ಟ. ಹರೆಯ ಬಂದಾಗ ಹುಡುಗನ ಮೈಯಲ್ಲಿ ಟೆಸ್ಟೋಸ್ಟೆರೋನ್ ಎಂಬ ರಸವು ಹಲವು ಪಟ್ಟು ಹೆಚ್ಚುತ್ತದೆ. ಎಲುಬು ಉದ್ದವಾಗುತ್ತದೆ, ಸ್ನಾಯು ದಪ್ಪನಾಗುತ್ತದೆ, ಹೃದಯವೂ ಶ್ವಾಸಕೋಶವೂ ಹಿರಿದಾಗುತ್ತವೆ, ರಕ್ತದಲ್ಲಿ ಕೆಂಪಿನ ಅಂಶವು ಏರುತ್ತದೆ. ಸಾಮಾನ್ಯವಾಗಿ ಪ್ರಾಯದ ಪುರುಷನ ಒಂದು ಲೀಟರು ರಕ್ತದಲ್ಲಿ ಈ ರಸವು ಸುಮಾರು 8ರಿಂದ 30 ನ್ಯಾನೋಮೋಲುಗಳಷ್ಟಿದ್ದರೆ ಸ್ತ್ರೀಯಲ್ಲಿ 2ಕ್ಕಿಂತ ಕಡಿಮೆ. ಹೀಗೆ ಹರೆಯವು ಒಂದು ಸಲ ಕಟ್ಟಿದ ಮೈಯನ್ನು ಮುಂದೆ ಔಷಧದಿಂದ ಪೂರ್ತಿ ಹಿಂದಿರುಗಿಸಲಾಗದು. ಆದುದರಿಂದ ಸ್ತ್ರೀಯರ ಪಂದ್ಯಕ್ಕೆ ಒಂದು ಬೇಲಿ ಬೇಕೆಂಬದರಲ್ಲಿ ನಮಗೆ ಸಂಶಯವಿಲ್ಲ. ಆ ಬೇಲಿಯನ್ನು ಸ್ತ್ರೀಯರಿಗೆ ಯಾರೂ ಸುಮ್ಮನೆ ಕೊಟ್ಟದ್ದೂ ಅಲ್ಲ. 1896ರ ಅಥೆನ್ಸ್ ಒಲಿಂಪಿಕ್ಕಿನಲ್ಲಿ ಸ್ತ್ರೀಯರೇ ಇರಲಿಲ್ಲ. 1928ರಲ್ಲಿ ಅವರಿಗೆ ಓಟದ ಪಂದ್ಯಗಳನ್ನು ತೆರೆದರು. ಆದರೆ ಆ ವರ್ಷ ನಡೆಸಿದ 800 ಮೀಟರ ಓಟವು ಸ್ತ್ರೀದೇಹಕ್ಕೆ ತಾಳದೆಂದು ಹೇಳಿ 1960ರ ವರೆಗೆ ಅದನ್ನು ಮತ್ತೆ ನಡೆಸಲಿಲ್ಲ. ಇಷ್ಟು ಕಷ್ಟದಿಂದ ದೊರೆತ ಅಂಗಳವನ್ನು ಕಾಯಬೇಕೆಂದು ಸ್ತ್ರೀಯರೇ ಹೇಳಿದಾಗ ಅದನ್ನು ದ್ವೇಷವೆಂದು ಕರೆಯುವದು ನ್ಯಾಯವಲ್ಲ.

ಬೇಲಿ ಬೇಕೆಂಬದು ಒಂದು ಮಾತು. ಬೇಲಿಯ ಬಾಗಿಲಲ್ಲಿ ನಿಂತವನು ಏನು ಮಾಡುವನೆಂಬದು ಇನ್ನೊಂದು ಮಾತು. ಕಳೆದ ಆರು ದಶಕಗಳ ಇತಿಹಾಸವು ಈ ಎರಡನೆಯ ಮಾತಿನಲ್ಲಿ ನಮ್ಮನ್ನು ತಲೆ ತಗ್ಗಿಸುವಂತೆ ಮಾಡುತ್ತದೆ. 1966ರಲ್ಲಿ ಬುಡಾಪೆಸ್ಟ್ ನಗರದ ಯೂರೋಪಿಯನ್ ಪಂದ್ಯಗಳಲ್ಲಿ ಸ್ತ್ರೀ ಸ್ಪರ್ಧಿಗಳನ್ನು ವೈದ್ಯರ ಎದುರಿಗೆ ವಿವಸ್ತ್ರರಾಗಿ ನಿಲ್ಲಿಸಿ ನೋಡಿದರು. ಆ ಅವಮಾನಕ್ಕೆ ಆಕ್ಷೇಪ ಬಂದುದರಿಂದ 1968ರ ಒಲಿಂಪಿಕ್ಕಿನಿಂದ ವರ್ಣತಂತುಗಳ ಪರೀಕ್ಷೆ ಬಂದಿತು. ಸಾಮಾನ್ಯವಾಗಿ ಸ್ತ್ರೀಗೆ ಎರಡು ಎಕ್ಸ್ ವರ್ಣತಂತುಗಳೂ ಪುರುಷನಿಗೆ ಒಂದು ಎಕ್ಸ್, ಒಂದು ವೈ ವರ್ಣತಂತುಗಳೂ ಇರುತ್ತವೆಂದು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಆದರೆ ಪ್ರಕೃತಿಯು ಶಾಲೆಯ ಪುಸ್ತಕದಷ್ಟು ನೆಟ್ಟಗಿಲ್ಲ.

ಸ್ಪೇನ್ ದೇಶದ ಮರಿಯಾ ಹೋಸೆ ಮಾರ್ಟಿನೆಜ್-ಪಟಿನ್ಯೋ ಎಂಬವರು ಅಡೆತಡೆಯ ಓಟಗಾರ್ತಿ. 1985ರಲ್ಲಿ ಜಪಾನಿನ ಕೋಬೆ ನಗರದಲ್ಲಿ ಪರೀಕ್ಷೆ ಮಾಡಿದಾಗ ಅವರಲ್ಲಿ ವೈ ವರ್ಣತಂತು ಇದೆಯೆಂದು ತಿಳಿಯಿತು. ಹುಟ್ಟಿನಿಂದ ಹೆಣ್ಣಾಗಿ ಬೆಳೆದ ಅವರಿಗೆ ಅದೇ ಮೊದಲ ಸುದ್ದಿ. ಅವರ ಮೈಯಲ್ಲಿ ಪುರುಷರಸವು ಉತ್ಪನ್ನವಾಗುತ್ತಿದ್ದರೂ ದೇಹವು ಆ ರಸಕ್ಕೆ ಸಂಪೂರ್ಣ ಕಿವುಡಾಗಿತ್ತು. ಅದರಿಂದ ಅವರಿಗೆ ಎಳ್ಳಷ್ಟೂ ಬಲ ಬಂದಿರಲಿಲ್ಲ. ಆದರೂ ಸುದ್ದಿಯು ಪತ್ರಿಕೆಗಳಿಗೆ ಸೋರಿತು; ದಾಖಲೆಗಳು ಅಳಿಸಿಹೋದವು; ವಿದ್ಯಾರ್ಥಿವೇತನ ನಿಂತಿತು. ವೈದ್ಯರು ವಾದಿಸಿ ವಾದಿಸಿ 1988ರಲ್ಲಿ ಅವರನ್ನು ಮರಳಿ ಸೇರಿಸಿದರು. ಅಷ್ಟರಲ್ಲಿ ಓಟದ ವಯಸ್ಸೇ ಜಾರಿತ್ತು. 1996ರ ಅಟ್ಲಾಂಟಾ ಒಲಿಂಪಿಕ್ಕಿನಲ್ಲಿ 3387 ಸ್ತ್ರೀಯರನ್ನು ಪರೀಕ್ಷಿಸಿದಾಗ 8 ಮಂದಿಯಲ್ಲಿ ವೈ ವರ್ಣತಂತುವಿನ ಗುರುತು ಸಿಕ್ಕಿತು. ವಿಚಾರಣೆಯ ನಂತರ ಎಂಟು ಮಂದಿಗೂ ಸ್ಪರ್ಧಿಸಲು ಅನುಮತಿ ಕೊಟ್ಟರು. ಇಂಥ ಅನುಭವಗಳಿಂದಾಗಿ 1999ರಲ್ಲಿ ಒಲಿಂಪಿಕ್ ಸಮಿತಿಯು ಎಲ್ಲರ ಮೇಲಿನ ಪರೀಕ್ಷೆಯನ್ನೇ ನಿಲ್ಲಿಸಿತು. ಅಲ್ಲಿಂದ ಮುಂದೆ ಯಾರ ಮೇಲೆ ಸಂಶಯವೋ ಅವರನ್ನು ಮಾತ್ರ ಪರೀಕ್ಷಿಸುವ ಪದ್ಧತಿ ಬೆಳೆಯಿತು. ಎಲ್ಲರ ಪರೀಕ್ಷೆಗಿಂತ ಇದು ಮೃದುವೆಂದು ತೋರಬಹುದು. ಅನುಭವವು ಬೇರೆಯದನ್ನೇ ಹೇಳುತ್ತದೆ. ಯಾಕೆಂದರೆ ಸಂಶಯವೆಂಬದು ಮುಖ, ಎದೆ, ದನಿ, ನಡಿಗೆಗಳನ್ನು ನೋಡಿ ಹುಟ್ಟುವದು. ಅದು ಬಡವರ ಮೇಲೂ ಕಪ್ಪು ಮೈಬಣ್ಣದವರ ಮೇಲೂ ಬಲು ಬೇಗ ಬೀಳುವದು.

ಈಗ ನಮ್ಮ ದೇಶದ ಎರಡು ಹೆಸರುಗಳಿಗೆ ಬರುವೆವು. ಶಾಂತಿ ಸೌಂದರರಾಜನ್ ಅವರು ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯ ಹಳ್ಳಿಯವರು. ತಂದೆ ತಾಯಿಗಳು ಇಟ್ಟಿಗೆಯ ಭಟ್ಟಿಯ ಕೂಲಿಗಳು. 2006ರ ಡಿಸೆಂಬರದಲ್ಲಿ ದೋಹಾ ನಗರದ ಏಶ್ಯನ್ ಕ್ರೀಡೆಗಳಲ್ಲಿ 800 ಮೀಟರ ಓಟದಲ್ಲಿ ಅವರು ಬೆಳ್ಳಿಯ ಪದಕ ಗೆದ್ದರು. ಅನಂತರ ನಡೆದ ಲಿಂಗಪರೀಕ್ಷೆಯ ಫಲವು ಅವರ ಕೈಗೆ ಗೌಪ್ಯವಾಗಿ ತಲುಪುವ ಬದಲು ಲೋಕದ ಬಾಯಿಗೆ ಬಿದ್ದಿತು. ಪದಕವನ್ನು ಹಿಂದಕ್ಕೆ ಪಡೆದರು. ಆಕೆ ಮದ್ದು ಸೇವಿಸಿರಲಿಲ್ಲ, ಮೋಸ ಮಾಡಿರಲಿಲ್ಲ, ಹುಟ್ಟಿದಂತೆ ಬೆಳೆದು, ಬೆಳೆದಂತೆ ಓಡಿದ್ದರು. 2007ರಲ್ಲಿ ಅವರು ಪ್ರಾಣ ಕಳೆದುಕೊಳ್ಳಲು ಯತ್ನಿಸಿದರೆಂದೂ, 2012ರಲ್ಲಿ ಮತ್ತೆ ಇಟ್ಟಿಗೆಯ ಭಟ್ಟಿಯಲ್ಲಿ ದಿನಗೂಲಿಗೆ ದುಡಿಯುತ್ತಿದ್ದರೆಂದೂ ಪತ್ರಿಕೆಗಳು ವರದಿ ಮಾಡಿದವು. ಮುಂದೆ ಅವರು ನಮ್ಮ ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ತರಬೇತುದಾರರ ಶಿಕ್ಷಣಕ್ಕೆ ಸೇರಿ, ತಮಿಳುನಾಡಿನಲ್ಲಿ ಬಡಮಕ್ಕಳಿಗೆ ಓಟ ಕಲಿಸುವವರಾದರು. ಅವರ ಧೈರ್ಯವನ್ನು ಮೆಚ್ಚುವೆವು. ಆದರೆ ಅಷ್ಟು ಧೈರ್ಯ ಎಲ್ಲರಿಗೂ ಬರಲೆಂದು ನಿರೀಕ್ಷಿಸುವ ವ್ಯವಸ್ಥೆಯು ಸರಿಯಾದ ವ್ಯವಸ್ಥೆಯಲ್ಲ.

ಎರಡನೆಯವರು ಒಡಿಶಾದ ಜಾಜಪುರ ಜಿಲ್ಲೆಯ ನೇಕಾರರ ಮಗಳಾದ ದ್ಯುತಿ ಚಂದ್. 2014ರಲ್ಲಿ ಅವರಿಗೆ 18 ವರ್ಷ. ಗ್ಲಾಸ್ಗೋ ನಗರದ ಕಾಮನ್‌ವೆಲ್ತ್ ಕ್ರೀಡೆಗಳಿಗೆ ಹೊರಡುವ ಹೊತ್ತಿನಲ್ಲಿ, ಅವರ ಮೈಯಲ್ಲಿ ಸಹಜವಾಗಿಯೇ ಟೆಸ್ಟೋಸ್ಟೆರೋನ್ ಹೆಚ್ಚಾಗಿದೆಯೆಂದು ಅವರನ್ನು ತಡೆದರು. ಔಷಧದಿಂದ ಅದನ್ನು ಇಳಿಸಿಕೊಳ್ಳಬಹುದಿತ್ತು. ಅವರು ಒಪ್ಪಲಿಲ್ಲ, ಸ್ವಿಟ್ಜರ್ಲಂಡದ ಲೋಸಾನ್ ನಗರದಲ್ಲಿರುವ ಕ್ರೀಡಾ ನ್ಯಾಯಮಂಡಲಿಯ ಮುಂದೆ ಹೋದರು. ಹೆಚ್ಚಿನ ರಸದಿಂದ ಇಂಥವರಿಗೆ ಎಷ್ಟು ಲಾಭವಾಗುವದೆಂದು ಒಕ್ಕೂಟವು ತೋರಿಸಿಕೊಟ್ಟಿಲ್ಲವೆಂದು 2015ರ ಜುಲೈಯಲ್ಲಿ ಮಂಡಲಿಯು ಆ ನಿಯಮವನ್ನು ಎರಡು ವರ್ಷಗಳ ಮಟ್ಟಿಗೆ ತಡೆಹಿಡಿಯಿತು. ದ್ಯುತಿಯವರು 2016ರಲ್ಲಿ ರಿಯೋ ಒಲಿಂಪಿಕ್ಕಿನಲ್ಲಿ ಓಡಿದರು. 2018ರ ಏಶ್ಯನ್ ಕ್ರೀಡೆಗಳಲ್ಲಿ 100 ಮತ್ತು 200 ಮೀಟರ ಓಟಗಳೆರಡರಲ್ಲಿಯೂ ಬೆಳ್ಳಿ ತಂದರು. ಶಾಂತಿಯವರಿಗೂ ದ್ಯುತಿಯವರಿಗೂ ನಡುವೆ ಇದ್ದ ಅಂತರವೇನು? ದೇಹದ್ದಲ್ಲ; ಆಸರೆಯದು. ಒಬ್ಬರ ಜೊತೆಗೆ ನಿಲ್ಲಲು ಬಲ್ಲವರು ಯಾರೂ ಇರಲಿಲ್ಲ; ಇನ್ನೊಬ್ಬರಿಗೆ ವಕೀಲರೂ ವಿದ್ವಾಂಸರೂ ದೊರೆತರು.

ನಿಯಮಗಳು ಅಲ್ಲಿಗೆ ನಿಲ್ಲಲಿಲ್ಲ. 2018ರಲ್ಲಿ ವಿಶ್ವ ಅಥ್ಲೆಟಿಕ್ಸ್ ಒಕ್ಕೂಟವು 400 ಮೀಟರಿನಿಂದ ಒಂದು ಮೈಲಿನ ವರೆಗಿನ ಓಟಗಳಿಗೆ ಹೊಸ ನಿಯಮ ಮಾಡಿತು. ಹುಟ್ಟಿನಿಂದಲೇ ಲಿಂಗವಿಕಾಸದಲ್ಲಿ ಭೇದವಿದ್ದು ಪುರುಷಪ್ರಮಾಣದ ರಸವುಳ್ಳವರು ಅದನ್ನು 5 ನ್ಯಾನೋಮೋಲಿಗಿಂತ ಕೆಳಗೆ ಇಳಿಸಿಕೊಳ್ಳಬೇಕೆಂಬದೇ ಆ ನಿಯಮ. ದಕ್ಷಿಣ ಆಫ್ರಿಕದ ಕ್ಯಾಸ್ಟರ್ ಸೆಮೆನ್ಯಾ ಅವರು ಇದನ್ನು ಎದುರಿಸಿದರು. ನಿಯಮವು ಭೇದಭಾವದ್ದೇ ಆದರೂ ಸ್ತ್ರೀಯರ ಪಂದ್ಯವನ್ನು ಕಾಯಲು ಆವಶ್ಯಕವೆಂದು 2019ರಲ್ಲಿ ಕ್ರೀಡಾ ನ್ಯಾಯಮಂಡಲಿಯ ಬಹುಮತವು ಹೇಳಿತು. 2023ರಲ್ಲಿ ನಿಯಮವು ಎಲ್ಲ ಓಟ ಜಿಗಿತ ಎಸೆತಗಳಿಗೂ ಹಬ್ಬಿ, ಮಿತಿಯು 2.5ಕ್ಕೆ ಇಳಿಯಿತು. 2025ರ ಜುಲೈಯಲ್ಲಿ ಯೂರೋಪಿನ ಮಾನವಹಕ್ಕುಗಳ ನ್ಯಾಯಾಲಯವು, ಸ್ವಿಟ್ಜರ್ಲಂಡದ ನ್ಯಾಯಾಲಯದಲ್ಲಿ ಸೆಮೆನ್ಯಾ ಅವರ ಮೊರೆಗೆ ತಕ್ಕ ವಿಚಾರಣೆ ಸಿಗಲಿಲ್ಲವೆಂದು ತೀರ್ಪಿತ್ತಿತು. ನಿಯಮವು ಸರಿಯೋ ತಪ್ಪೋ ಎಂಬದನ್ನು ಅದು ನಿರ್ಣಯಿಸಲಿಲ್ಲ. ಅದೇ ವರ್ಷ ಸೆಪ್ಟೆಂಬರ 1ರಿಂದ, ಲೋಕಮಟ್ಟದ ಸ್ತ್ರೀಯರ ಅಥ್ಲೆಟಿಕ್ಸಿಗೆ ಬರುವವರೆಲ್ಲರೂ ಜೀವಮಾನದಲ್ಲಿ ಒಂದು ಸಲ ಎಸ್‌ಆರ್‌ವೈ ಎಂಬ ಜೀನಿನ ಪರೀಕ್ಷೆಗೆ ಒಳಗಾಗಬೇಕೆಂಬ ನಿಯಮ ಜಾರಿಗೆ ಬಂದಿತು. ಈ ಜೀನು ವೈ ವರ್ಣತಂತುವಿನ ಮೇಲಿರುವದು. ಕೆನ್ನೆಯ ಒಳಗಿನ ಜೊಲ್ಲನ್ನು ಹತ್ತಿಯ ಕಡ್ಡಿಯಿಂದ ತೆಗೆದೋ ರಕ್ತದ ಹನಿಯಿಂದಲೋ ನೋಡಬಹುದು. ಪಟಿನ್ಯೋ ಅವರಂತೆ ದೇಹವು ಪುರುಷರಸಕ್ಕೆ ಪೂರ್ಣ ಕಿವುಡಾಗಿರುವವರಿಗೆ ಈ ನಿಯಮದಲ್ಲಿ ವಿನಾಯತಿಯುಂಟು. ನಲವತ್ತು ವರ್ಷಗಳ ಕೆಳಗೆ ಒಬ್ಬರು ಪಟ್ಟ ಪಾಡು ಅಷ್ಟರ ಮಟ್ಟಿಗೆ ವ್ಯರ್ಥವಾಗಲಿಲ್ಲ. ವಿಶ್ವ ಬಾಕ್ಸಿಂಗ್ ಸಂಸ್ಥೆಯೂ 2025ರಲ್ಲಿಯೇ ಇಂಥ ಪರೀಕ್ಷೆಯನ್ನು ಕಡ್ಡಾಯ ಮಾಡಿತು.

ಇಷ್ಟರ ಮೇಲೆ ಮೂರನೆಯ ಒಂದು ಪ್ರಶ್ನೆಯುಂಟು. ಅದನ್ನು ಮೇಲಿನದರೊಡನೆ ಕಲಸಿಬಿಡುವದೇ ನಮ್ಮ ಮನೆಗಳ ಚರ್ಚೆಯ ದೊಡ್ಡ ದೋಷ. ಗಂಡಾಗಿ ಹುಟ್ಟಿ, ಗಂಡಾಗಿ ಹರೆಯಕ್ಕೆ ಬಂದು, ಅನಂತರ ತನ್ನ ಅಂತರಂಗವು ಹೆಣ್ಣಿನದೆಂದು ಹೆಣ್ಣಾಗಿ ಬಾಳುವ ಟ್ರಾನ್ಸ್‌ಜೆಂಡರ್ ಮಹಿಳೆಯರು ಸ್ತ್ರೀಯರ ಪಂದ್ಯಕ್ಕೆ ಬರಬಹುದೇ? ನಮ್ಮ ನಾಡಿಗೆ ಇಂಥವರು ಹೊಸಬರಲ್ಲ. ಎಲ್ಲಮ್ಮನ ಜೋಗತಿಯರಿಗೆ ಜೋಳಿಗೆ ತುಂಬುವ ಅವ್ವಂದಿರು ಈ ಸೀಮೆಯಲ್ಲಿ ಎಂದಿನಿಂದಲೂ ಇದ್ದಾರೆ. ಜೋಗತಿ ಮಂಜಮ್ಮನವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. 2014ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಇವರ ಹಕ್ಕುಗಳನ್ನು ಎತ್ತಿಹಿಡಿಯಿತು. 2021ರಲ್ಲಿ ಕರ್ನಾಟಕ ಸರ್ಕಾರವು ತನ್ನ ನೌಕರಿಗಳಲ್ಲಿ ಇವರಿಗೆ ನೂರಕ್ಕೆ ಒಂದರಂತೆ ಮೀಸಲಾತಿ ಕೊಟ್ಟಿತು. ಇದೆಲ್ಲ ನಮಗೆ ಸಂತೋಷದ ಸಂಗತಿ. ಆದರೆ ಓಟದ ಪಂದ್ಯವು ನೌಕರಿಯಂತಲ್ಲ. ಅಲ್ಲಿ ಅಳೆಯುವದು ಮೈಯನ್ನೇ. ಹರೆಯವು ಕಟ್ಟಿದ ಸ್ನಾಯುವು ಒಂದು ವರ್ಷದ ಔಷಧದ ನಂತರವೂ ನೂರಕ್ಕೆ ಐದರಷ್ಟು ಮಾತ್ರ ಕರಗುವದೆಂದು 2021ರಲ್ಲಿ ಪ್ರಕಟವಾದ ಒಂದು ಸಮೀಕ್ಷಾ ಲೇಖನವು ಹೇಳಿತು. ಅದರಲ್ಲಿ ಲೆಕ್ಕಕ್ಕೆ ತೆಗೆದುಕೊಂಡವರು ಕ್ರೀಡಾಪಟುಗಳಲ್ಲ, ಸಾಮಾನ್ಯ ಜನರು. ಆದುದರಿಂದ ಅದೇ ಕೊನೆಯ ಮಾತೆಂದು ಹೇಳಲಾಗದೆಂದು ವಿರೋಧಪಕ್ಷದವರು ಹೇಳುವದರಲ್ಲಿಯೂ ಹುರುಳುಂಟು. 2022ರಲ್ಲಿ ಈಜಿನ ಒಕ್ಕೂಟ, 2023ರಲ್ಲಿ ಅಥ್ಲೆಟಿಕ್ಸ್ ಒಕ್ಕೂಟ ಮತ್ತು ಕ್ರಿಕೆಟ್ಟಿನ ಅಂತರರಾಷ್ಟ್ರೀಯ ಮಂಡಲಿಗಳು, ಗಂಡುಹರೆಯವನ್ನು ದಾಟಿ ಬಂದವರಿಗೆ ಲೋಕಮಟ್ಟದ ಸ್ತ್ರೀಯರ ಪಂದ್ಯಗಳ ಬಾಗಿಲನ್ನು ಮುಚ್ಚಿದವು. ಈಜಿನವರು ಅವರಿಗಾಗಿ ಮುಕ್ತವಿಭಾಗವೊಂದನ್ನು 2023ರಲ್ಲಿ ಬರ್ಲಿನ್ ನಗರದಲ್ಲಿ ತೆರೆದರು. ಅದಕ್ಕೆ ಒಬ್ಬರೂ ಹೆಸರು ಕೊಡಲಿಲ್ಲ. ಜಾತ್ರೆಯಲ್ಲಿ ಒಂಟಿ ಕಂಬಕ್ಕೆ ಕಟ್ಟಿ ನಿಲ್ಲಿಸಿದಂತಹ ಸ್ಥಾನಕ್ಕೆ ಯಾರು ತಾನೇ ಹೋಗಿ ನಿಲ್ಲುವರು?

ಹೀಗಿರಲು ನಮ್ಮ ಅಭಿಪ್ರಾಯವೇನೆಂದು ವಾಚಕರು ಕೇಳಿಯಾರು. ಪದಕ, ದಾಖಲೆ, ನೌಕರಿಗಳನ್ನು ಹಂಚುವ ಮೇಲ್ಮಟ್ಟದ ಪಂದ್ಯಗಳಲ್ಲಿಯೂ, ಒಬ್ಬರ ಪೆಟ್ಟು ಇನ್ನೊಬ್ಬರ ಮೈಗೆ ಬೀಳುವ ಮುಷ್ಟಿಯುದ್ಧ ಕುಸ್ತಿಗಳಲ್ಲಿಯೂ, ಗಂಡುಹರೆಯದ ಬಲವನ್ನು ಹೊರಗಿಡುವ ಬೇಲಿಯು ನ್ಯಾಯವಾದದ್ದೆಂದು ನಾವು ತಿಳಿಯುತ್ತೇವೆ. ಇದರಿಂದ ಕೆಲವರಿಗೆ ನಿಜವಾದ ದುಃಖವಾಗುವದು; ಆ ದುಃಖವನ್ನು ಇಲ್ಲವೆನ್ನುವದು ಪ್ರಾಮಾಣಿಕತನವಲ್ಲ. ಹುಟ್ಟಿನಿಂದ ಹೆಣ್ಣಾಗಿ ಬೆಳೆದು, ಒಂದು ಪರೀಕ್ಷೆಯಿಂದ ಒಂದು ಮಧ್ಯಾಹ್ನದಲ್ಲಿ ಹೊರಬೀಳುವವಳ ದುಃಖವಂತೂ ಎಲ್ಲಕ್ಕಿಂತ ಕಠಿನವಾದದ್ದು. ನಿಯಮವು ಆಕೆಗೆ ಪಂದ್ಯದ ಒಂದು ಸಾಲನ್ನು ನಿರಾಕರಿಸಬಹುದು. ಆಕೆಯ ಹೆಣ್ತನವನ್ನು ನಿರಾಕರಿಸುವ ಅಧಿಕಾರ ಯಾವ ಒಕ್ಕೂಟಕ್ಕೂ ಇಲ್ಲ. ಉಗಾಂಡ ದೇಶದ ಅನೆಟ್ ನೆಗೆಸಾ ಎಂಬ ಓಟಗಾರ್ತಿಯು, ಸರಿಯಾಗಿ ತಿಳಿಸಿಹೇಳದೆಯೇ ತನ್ನ ಮೇಲೆ 2012ರಲ್ಲಿ ಶಸ್ತ್ರಕ್ರಿಯೆ ನಡೆಯಿತೆಂದು 2019ರಲ್ಲಿ ಲೋಕಕ್ಕೆ ಹೇಳಿಕೊಂಡರು. ಆರೋಗ್ಯವಾಗಿರುವ ದೇಹವನ್ನು ಪದಕಕ್ಕಾಗಿ ಕೊಯ್ಯುವದು ಯಾವ ಬೇಲಿಯ ಹೆಸರಿನಲ್ಲಿಯೂ ಕೂಡದು.

ಇದು ಮೇಲ್ಮಟ್ಟದ ಮಾತು. ನಮ್ಮ ವಾಚಕರ ಕೈಯಲ್ಲಿರುವದು ಕೆಳಮಟ್ಟದ ಅಂಗಳ: ಓಣಿ, ಶಾಲೆ, ತಾಲೂಕಿನ ಪಂದ್ಯ. ಅಲ್ಲಿ ನಾವು ಮಾಡತಕ್ಕದ್ದೇನು?

ಮೊದಲನೆಯದಾಗಿ, ಹರೆಯಕ್ಕೆ ಮುಂಚಿನ ಮಕ್ಕಳಲ್ಲಿ ಈ ಪ್ರಶ್ನೆಯೇ ಏಳಬಾರದು. ಐದನೆಯ ಇಯತ್ತೆಯ ಮಕ್ಕಳು ಕೂಡಿ ಓಡಲಿ, ಕೂಡಿ ಬೀಳಲಿ. ಗೆಲುವಿಗಿಂತ ಆಟವೇ ಮುಖ್ಯವಾಗಿರುವೆಡೆಯಲ್ಲಿ ಯಾವ ಮಗುವನ್ನೂ, ಅದರ ನಡೆನುಡಿ ಹೇಗೇ ಇರಲಿ, ಅಂಗಳದ ಹೊರಗೆ ನಿಲ್ಲಿಸಕೂಡದು.

ಎರಡನೆಯದಾಗಿ, ಗಟ್ಟಿಮೈಯ ಹುಡುಗಿಯನ್ನು ಕಂಡು ಸಂಶಯಪಡುವ ಚಾಳಿಯನ್ನು ಮನೆಯಲ್ಲಿಯೇ ಬಿಡಬೇಕು. ಹೊಲದಲ್ಲಿ ದುಡಿದು ಬೆಳೆದವಳ ತೋಳು ದಪ್ಪನಾಗಿರುವದು. ದಿನವೂ ಓಡುವವಳ ಎದೆ ಚಪ್ಪಟೆಯಾಗಿರುವದು. ಕೂದಲನ್ನು ಮೋಟಾಗಿ ಕತ್ತರಿಸಿಕೊಂಡಿದ್ದರೆ ಅದು ಬಿಸಿಲಿಗಾಗಿ. ಸೋತ ಹುಡುಗಿಯ ಪಾಲಕರು ಗೆದ್ದ ಹುಡುಗಿಯನ್ನು ತೋರಿಸಿ ‘ಇದೇನು ಹೆಣ್ಣೋ ಗಂಡೋ’ ಎಂದು ನಗುವದು ಬಲು ಹಗುರಾದ ಮಾತು. ಆದರೆ ಕೇಳಿದವಳ ಎದೆಯಲ್ಲಿ ಅದು ಜೀವಮಾನವೆಲ್ಲ ಭಾರವಾಗಿ ಕುಳಿತಿರುವದು. ಬೇಲಿಯನ್ನು ಕಟ್ಟಿದ್ದು ಹೆಣ್ಣುಮಕ್ಕಳ ರಕ್ಷಣೆಗಾಗಿ. ಅದರ ಹೆಸರಿನಲ್ಲಿ ಹೆಣ್ಣುಮಕ್ಕಳೆಲ್ಲರ ಮೈಯನ್ನೂ ಊರ ಕಣ್ಣಿಗೆ ಒಡ್ಡಿದರೆ ರಕ್ಷಣೆಯೇ ಭಕ್ಷಣೆಯಾಯಿತು.

ಮೂರನೆಯದಾಗಿ, ಶಾಲೆಯಲ್ಲಿಯೂ ಆಟದ ಬಯಲಿನಲ್ಲಿಯೂ ಯಾರೂ ಯಾವ ಹುಡುಗಿಯ ಮೈಯನ್ನೂ ಈ ಕಾರಣಕ್ಕಾಗಿ ಪರೀಕ್ಷಿಸಲು ಪಾಲಕರು ಒಪ್ಪಬಾರದು. ವ್ಯಾಯಾಮದ ಮಾಸ್ತರರು ವೈದ್ಯರಲ್ಲ. ರಾಷ್ಟ್ರಮಟ್ಟದಲ್ಲಿ ಜೀನಿನ ಪರೀಕ್ಷೆಯನ್ನು ಕೇಳುವ ಪ್ರಸಂಗ ಬಂದರೆ, ಏನನ್ನು, ಯಾವ ನಿಯಮದಿಂದ, ಯಾರು ನೋಡುವರು, ಫಲವು ಯಾರ ಕೈಸೇರುವದು ಎಂಬದನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಅರ್ಥವಾಗದ ಕಾಗದಕ್ಕೆ ರುಜು ಹಾಕಬಾರದು. ಪರೀಕ್ಷೆಯಲ್ಲಿ ಭೇದವು ಕಂಡುಬಂದರೆ ಅದು ಕೊನೆಯ ತೀರ್ಪಲ್ಲ, ವಿಚಾರಣೆಯ ಆರಂಭವೆಂದು ತಿಳಿದಿರಬೇಕು. ಆ ಸುದ್ದಿಯು ಮಗಳದು. ನೆರೆಮನೆಗಾಗಲಿ ಬಂಧುಗಳಿಗಾಗಲಿ ಪತ್ರಿಕೆಗಾಗಲಿ ಅದರಲ್ಲಿ ಪಾಲಿಲ್ಲ.

ನಾಲ್ಕನೆಯದು ತಾಯಂದಿರಿಗೆ ವಿಶೇಷವಾಗಿ ಹೇಳತಕ್ಕ ಮಾತು. ಹುಡುಗಿಗೆ 15 ವರ್ಷ ತುಂಬಿದರೂ ಮೈನೆರೆಯದಿದ್ದರೆ, ಆಕೆ ಓಡಲಿ ಓಡದಿರಲಿ, ಒಮ್ಮೆ ವೈದ್ಯರಿಗೆ ತೋರಿಸಬೇಕು. ಬಹಳ ಓಡುವ ಹುಡುಗಿಯರಲ್ಲಿ ದಣಿವಿಗೆ ತಕ್ಕ ಊಟವಿಲ್ಲದಿದ್ದರೂ ಹೀಗಾಗುವದುಂಟು. ಆಗ ಬೇಕಾದದ್ದು ಹೊಟ್ಟೆತುಂಬ ರೊಟ್ಟಿ, ಬೇಳೆ, ಹಾಲು, ವಿಶ್ರಾಂತಿ. ಕ್ವಚಿತ್ತಾಗಿ ಲಿಂಗವಿಕಾಸದ ಭೇದವೇ ಕಾರಣವಾಗಿರುವದು. ಅದು ಮೊದಲೇ ಮನೆಯವರಿಗೆ ಗುಟ್ಟಾಗಿ ತಿಳಿದರೆ, ಹೊರದೇಶದ ಕ್ರೀಡಾಗ್ರಾಮದಲ್ಲಿ ಅಪರಿಚಿತರ ಬಾಯಿಂದ ತಿಳಿಯುವ ಆಘಾತವು ತಪ್ಪುವದು. ನಮ್ಮ ಕಲಬುರಗಿಯಲ್ಲಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ, ಸ್ತ್ರೀವೈದ್ಯರಿದ್ದಾರೆ. ನಾಚಿಕೆಯಿಂದ ತಡಮಾಡುವದಕ್ಕೆ ಕಾರಣವಿಲ್ಲ. ‘ಮದುವೆಯಾದರೆ ಎಲ್ಲ ಸರಿಹೋಗುವದು’ ಎಂಬ ಹಳೆಯ ಸಮಾಧಾನವು ಇಲ್ಲಿ ಎರಡು ಜೀವಗಳನ್ನು ಕೆಡಿಸುವದು.

ಐದನೆಯದು, ಎಲ್ಲಕ್ಕೂ ಮುಖ್ಯವಾದದ್ದು. ಯಾವ ಕಾರಣದಿಂದಲೇ ಆಗಲಿ ಪಂದ್ಯದಿಂದ ಹೊರಬಿದ್ದು ಬಂದ ಮಗುವಿಗೆ ಮನೆಯ ಬಾಗಿಲು ಮೊದಲಿನಷ್ಟೇ ಅಗಲವಾಗಿ ತೆರೆದಿರಬೇಕು. ಒಕ್ಕೂಟಗಳು ನಿಯಮ ಮಾಡುವವು, ಮುರಿಯುವವು, ಮತ್ತೆ ಮಾಡುವವು. 1966ರಿಂದ ಈ ವರೆಗೆ ಎಷ್ಟು ಸಲ ಮಾಡಿದುವೆಂಬದನ್ನು ಮೇಲೆ ನೋಡಿದೆವು. ನಾಳೆ ಶಾಸ್ತ್ರವು ಇನ್ನಷ್ಟು ಬೆಳೆದು ಇನ್ನೊಂದು ನಿಯಮ ಬಂದೀತು. ತಂದೆ ತಾಯಿಗಳ ಮಮತೆಯು ಹಾಗೆ ವರುಷಕ್ಕೊಮ್ಮೆ ತಿದ್ದುಪಡಿಯಾಗತಕ್ಕ ನಿಯಮವಲ್ಲ. ದೇಹದ ಒಳಗೆ ಇರುವ ಜೀವವು ಗಂಡೂ ಅಲ್ಲ ಹೆಣ್ಣೂ ಅಲ್ಲವೆಂದು ಸಾರಿದ ಶರಣರ ನಾಡು ಇದು. ಪಂದ್ಯವು ದೇಹವನ್ನು ಅಳೆಯಲಿ. ಅದು ಅದರ ಧರ್ಮ. ಮನೆಯು ಜೀವವನ್ನು ಕಾಣಲಿ. ಇದು ನಮ್ಮ ಧರ್ಮ. ಈ ಎರಡನ್ನೂ ಒಂದರಲ್ಲಿ ಒಂದು ಕಲಸದೆ ನಡೆಯಿಸಿದರೆ, ನಮ್ಮ ಹೆಣ್ಣುಮಕ್ಕಳು ಹೆದರಿಕೆಯಿಲ್ಲದೆ ಓಡಿಯಾರು. ಓಟದಲ್ಲಿ ಸೋತರೂ ಬಾಳಿನಲ್ಲಿ ಸೋಲಲಾರರು.